ಕಬ್ಬಿಣದ ಮಳೆಯನ್ನು ಸಮನಾಗಿ ಸುರಿಸಿದ ಕತೆ

ಕಣ್ಣು ಮುಚ್ಚಿಕೊಂಡು ಕತ್ತಲಲ್ಲಿ ಮಲಗಿದ್ದೀರಿ. ಇದ್ದಕ್ಕಿದ್ದಂತೆ ರೆಪ್ಪೆಯೊಳಗೇ ಒಂದು ಬಿಳಿ ಗೆರೆ ಮಿಂಚಿ ಮಾಯವಾಗುತ್ತದೆ. ಏನು ಮಾಡ್ತೀರಿ? ನಿದ್ದೆಗಣ್ಣಿನ ಭ್ರಮೆ ಅಂದುಕೊಂಡು ಮಗ್ಗುಲು ಬದಲಾಯಿಸ್ತೀರಿ, ಅಷ್ಟೇ.

1969ರ ಜುಲೈನಲ್ಲಿ ಅಪೊಲೋ 11ರಲ್ಲಿ ಹೋಗಿದ್ದ ಬಜ್ ಆಲ್ಡ್ರಿನ್ ಅವರಿಗೂ ಇಂಥದ್ದೇ ಮಿಂಚುಗಳು ಕಂಡವು. ಅವರು ಸುಮ್ಮನಾಗಲಿಲ್ಲ, ಭೂಮಿಗೆ ಮರಳಿದ ಮೇಲೆ ಹೇಳಿದರು. ಆಮೇಲೆ ಚಂದ್ರನ ಕಡೆ ಹೋದವರನ್ನು ಕೇಳಿದಾಗ ಅವರಲ್ಲಿ ಹೆಚ್ಚಿನವರಿಗೂ ಅದೇ ಅನುಭವವಾಗಿತ್ತು. ತಮಾಷೆ ಅಂದ್ರೆ, ಬರ್ಕ್ಲಿಯಲ್ಲಿದ್ದ ಕಾರ್ನೀಲಿಯಸ್ ಟೋಬಿಯಾಸ್ ಎಂಬ ವಿಜ್ಞಾನಿ 1952ರಲ್ಲೇ, ಅಂದರೆ ಮನುಷ್ಯ ಬಾಹ್ಯಾಕಾಶಕ್ಕೆ ಹೋಗುವುದಕ್ಕೆ 9 ವರ್ಷ ಮೊದಲೇ, ಮೇಲೆ ಹೋದವರಿಗೆ ಹೀಗೆ ಕಾಣಬಹುದು ಅಂತ ಬರೆದಿಟ್ಟಿದ್ದರು. ಕಾರಣ ವಿಶ್ವಕಿರಣಗಳು. ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ಒಂದು ಪರಮಾಣು ಬೀಜ ಕಣ್ಣಿನ ಹಿಂಪರದೆಯನ್ನು ತೂರಿ ಹೋದರೆ ಮಿದುಳಿಗೆ ಅದು ಬೆಳಕಿನಂತೆ ಕಾಣುತ್ತದೆ.

ಕಣ್ಣನ್ನು ತೂರಿಕೊಂಡು ಹೋದದ್ದು ಮಿದುಳನ್ನು ಬಿಟ್ಟೀತೆ? ಹಾಗೆ ತೂರಿ ಹೋದಾಗ ಮಿದುಳಿಗೆ ಏನಾಗುತ್ತದೆ? ಇದನ್ನು ತಿಳಿಯಬೇಕಾದರೆ ಆ ಕಣಗಳನ್ನು ನೆಲದ ಮೇಲೇ ತಯಾರಿಸಬೇಕು. ತಯಾರಿಸಿದರೆ ಸಾಲದು, ಬೇಕಾದಷ್ಟು ಅಗಲಕ್ಕೆ, ಎಲ್ಲ ಕಡೆ ಒಂದೇ ಸಮನಾಗಿ ಸುರಿಸಬೇಕು. ಕೇಳೋಕೆ ಸುಲಭ. ಮಾಡೋಕೆ ಸುಮಾರು 50 ವರ್ಷ ಹಿಡಿಯಿತು. ನಾನು ಓದಿದ್ದು ಎಂಜಿನಿಯರಿಂಗ್, ಭೌತಶಾಸ್ತ್ರದ ಇತಿಹಾಸ ನನಗೊಂದು ಚಟ. ಆ ಚಟದಲ್ಲಿ ಅಲ್ಲಿ ಇಲ್ಲಿ ಓದುತ್ತಾ ಕೂಡಿಸಿಟ್ಟುಕೊಂಡ ಕತೆ ಇದು.

* * *

ಮೊದಲು ನಮ್ಮೂರಿನಿಂದಲೇ ಶುರು ಮಾಡ್ತೀನಿ. ಬೆಂಗಳೂರಿಗೂ ವಿಶ್ವಕಿರಣಕ್ಕೂ ಹಳೆಯ ನಂಟು. 1939-40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್, ವಿಕ್ಟರ್ ನೇಹರ್, ವಿಲಿಯಂ ಪಿಕರಿಂಗ್ ಎಂಬ ಮೂವರು ಭಾರತಕ್ಕೆ ಬಂದು ಆಗ್ರಾ, ಪೇಶಾವರ ಮತ್ತು ಬೆಂಗಳೂರಿನಿಂದ ಬಲೂನು ಹಾರಿಸಿ ವಿಶ್ವಕಿರಣಗಳನ್ನು ಅಳೆದರು. ಹೋಮಿ ಭಾಭಾ ಟಾಟಾ ಇನ್‌ಸ್ಟಿಟ್ಯೂಟಿಗೆ (ಈಗಿನ ಐಐಎಸ್ಸಿ) ಬಂದು ಸೇರಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಅಷ್ಟು ದೂರದಿಂದ ಬೆಂಗಳೂರಿಗೇ ಯಾಕೆ ಬರಬೇಕಿತ್ತು? ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ತಾನೇ. ವಿದ್ಯುದಂಶ ಇರುವ ಯಾವ ಕಣ ಹತ್ತಿರ ಬಂದರೂ ಅದು ದಾರಿ ಬಗ್ಗಿಸುತ್ತದೆ. ಕಾಂತೀಯ ಸಮಭಾಜಕದ ಬಳಿ ಈ ಬಗ್ಗಿಸುವಿಕೆ ಬಲು ಜೋರು. ನಮ್ಮ ತಲೆಯ ಮೇಲೆ ನೇರವಾಗಿ ಇಳಿಯಬೇಕಾದರೆ ಒಂದು ಪ್ರೋಟಾನಿಗೆ 15 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗಿಂತ (ಮುಂದೆ ಜಿಇವಿ ಅಂತೀನಿ) ಹೆಚ್ಚಿನ ಶಕ್ತಿ ಬೇಕು. ಅದಕ್ಕಿಂತ ಬಡವಾದವು ಹೊರಗಿನಿಂದಲೇ ವಾಪಸ್! ಉತ್ತರಕ್ಕೆ ಹೋದಂತೆ ಈ ಬಾಗಿಲು ಸಡಿಲವಾಗುತ್ತದೆ. ಹಾಗಾಗಿ ಬೇರೆ ಬೇರೆ ಊರುಗಳಲ್ಲಿ ಅಳೆದರೆ ಯಾವ ಶಕ್ತಿಯ ಕಣ ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ. ಅಯಸ್ಕಾಂತದಿಂದ ಕಣಗಳನ್ನು ಬಗ್ಗಿಸಿ ವಿಂಗಡಿಸುವ ವಿದ್ಯೆಯನ್ನು ನಾವು ಕಲಿಯುವುದಕ್ಕೆ ಮೊದಲೇ ಭೂಮಿ ಮಾಡುತ್ತಿತ್ತು.

ಅಂದ ಹಾಗೆ, ಅದೇ ಪಿಕರಿಂಗ್ ಮುಂದೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮುಖ್ಯಸ್ಥರಾದರು. 1958ರ ಜನವರಿ 31ರಂದು ಎಕ್ಸ್‌ಪ್ಲೋರರ್-1 ಉಪಗ್ರಹ ಹಾರಿದಾಗ ಆ ಕುರ್ಚಿಯಲ್ಲಿದ್ದವರು ಅವರೇ. ಭೂಮಿಯ ಸುತ್ತ ಕಣಗಳು ಸಿಕ್ಕಿಹಾಕಿಕೊಂಡಿರುವ ವ್ಯಾನ್ ಅಲೆನ್ ಪಟ್ಟಿ ಪತ್ತೆಯಾಗಿದ್ದು ಆ ಉಪಗ್ರಹದಿಂದ ಶುರುವಾದ ಅಳತೆಗಳಿಂದ.

ಇನ್ನೊಂದು ಮುಖ್ಯ ಶೋಧ ನಡೆದದ್ದು 1948ರಲ್ಲಿ. ಅಮೆರಿಕದ ಮಿನೆಸೋಟಾ ಮತ್ತು ರಾಚೆಸ್ಟರ್ ವಿಶ್ವವಿದ್ಯಾಲಯದವರು ಬಲೂನಿನಲ್ಲಿ ಫೋಟೋ ಫಲಕಗಳನ್ನು ಕಳಿಸಿ, ವಿಶ್ವಕಿರಣದಲ್ಲಿ ಬರೀ ಪ್ರೋಟಾನ್ ಅಲ್ಲ, ಭಾರವಾದ ಬೀಜಗಳೂ ಇವೆ ಅಂತ ಕಂಡುಕೊಂಡರು. ಆ ರಾಚೆಸ್ಟರ್ ತಂಡದ ಬರ್ನಾರ್ಡ್ ಪೀಟರ್ಸ್, ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಬೇಟೆಯಾಡುತ್ತಿದ್ದ ಕಾಲದಲ್ಲಿ ಬೇಸತ್ತು ಭಾರತಕ್ಕೆ ಬಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹಲವು ವರ್ಷ ವಿಶ್ವಕಿರಣದ ಕೆಲಸವನ್ನೇ ಮುಂದುವರಿಸಿದರು.

ಈಗ ನಮಗೆ ಗೊತ್ತಿರುವಂತೆ, ದೂರದ ಆಕಾಶದಿಂದ ಬರುವ ಬೀಜಗಳಲ್ಲಿ 100ಕ್ಕೆ ಸುಮಾರು 87 ಪ್ರೋಟಾನ್, 12 ಹೀಲಿಯಂ, ಉಳಿದ ಒಂದು ಮಿಕ್ಕೆಲ್ಲಾ ಭಾರದವು. ಒಂದೇ ತಾನೇ ಅಂತ ಬಿಡುವ ಹಾಗಿಲ್ಲ. ಕಣ ಒಂದು ಜೀವಕೋಶವನ್ನು ಹಾಯುವಾಗ ಮಾಡುವ ಗಾಯ ಅದರ ವಿದ್ಯುದಂಶದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಬ್ಬಿಣದ ಬೀಜದ ವಿದ್ಯುದಂಶ 26. ಅಂದರೆ ಅದೇ ವೇಗದ ಪ್ರೋಟಾನಿಗಿಂತ 26×26, ಒಟ್ಟು 676 ಪಟ್ಟು! ಪ್ರೋಟಾನ್ ತುಂತುರು ಮಳೆ ಅನ್ನುವುದಾದರೆ ಇದು ಆಲಿಕಲ್ಲು.

* * *

ಈಗ ನೆಲಕ್ಕೆ ಬರೋಣ. ಕಣಗಳಿಗೆ ವೇಗ ಕೊಡುವ ಯಂತ್ರ ಕಟ್ಟುವವರಿಗೆ ಮೊದಲಿಂದಲೂ ಒಂದೇ ತಲೆನೋವು. ಒಂದೇ ಜಾತಿಯ ವಿದ್ಯುದಂಶ ಇರುವ ಕಣಗಳ ಗುಂಪು ಚದುರಿ ಹೋಗುತ್ತದೆ. ಲಕ್ಷಾಂತರ ಸುತ್ತು ಓಡಿಸುವಾಗ ಗೋಡೆಗೆ ಬಡಿಯದಂತೆ ಹಿಡಿದಿಡಬೇಕು. ಹಳೆಯ ಯಂತ್ರಗಳಲ್ಲಿ ಹಿಡಿತ ಸಡಿಲ, ಹಾಗಾಗಿ ಕೊಳವೆ ಅಗಲ, ಅದಕ್ಕೆ ತಕ್ಕಂತೆ ಅಯಸ್ಕಾಂತವೂ ದೈತ್ಯ. 1954ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಬೆವಟ್ರಾನ್ ಯಂತ್ರದ ಅಯಸ್ಕಾಂತ ಸುಮಾರು 10,000 ಟನ್ ತೂಗುತ್ತಿತ್ತು. ಶಕ್ತಿ ಮಾತ್ರ 6 ಜಿಇವಿ ಚಿಲ್ಲರೆ.

1952ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಯುರೋಪಿನಿಂದ ಒಂದು ತಂಡ ಬರುವುದಿತ್ತು (ಮುಂದೆ ಸರ್ನ್ ಕಟ್ಟಿದವರು). ನೆಂಟರು ಬರುವ ಮುಂಚೆ ಮನೆ ಗುಡಿಸುವ ಹಾಗೆ, ಸ್ಟಾನ್ಲಿ ಲಿವಿಂಗ್‌ಸ್ಟನ್ ತಮ್ಮ ಯಂತ್ರದಲ್ಲಿ ಏನು ಸುಧಾರಿಸಬಹುದು ಅಂತ ಯೋಚಿಸುತ್ತಿದ್ದರು. ಅಯಸ್ಕಾಂತಗಳ ಬಾಯನ್ನು ಒಂದು ಹೊರಗೆ, ಒಂದು ಒಳಗೆ ಹೀಗೆ ಅದಲುಬದಲು ಇಟ್ಟರೆ? ಎರ್ನೆಸ್ಟ್ ಕೂರಾಂಟ್ ಲೆಕ್ಕ ಹಾಕಿದರು. ಕೆಡುವುದಿರಲಿ, ಹಿಡಿತ ಇನ್ನೂ ಬಿಗಿಯಾಗಿತ್ತು! ಹಾರ್ಟ್‌ಲ್ಯಾಂಡ್ ಸ್ನೈಡರ್ ಅದರ ಹಿಂದಿನ ತತ್ವವನ್ನು ಬಿಡಿಸಿ ಹೇಳಿದರು. (1939ರಲ್ಲಿ ಆಪನ್‌ಹೈಮರ್ ಜೊತೆ ಸೇರಿ, ನಕ್ಷತ್ರ ಕುಸಿದು ಮುಂದೆ ಕಪ್ಪುಕುಳಿ ಅನ್ನಿಸಿಕೊಂಡ ವಸ್ತುವಾಗುವ ಲೆಕ್ಕ ಬರೆದ ಸ್ನೈಡರ್ ಇವರೇ.)

ತತ್ವ ಹೀಗಿದೆ. ನಾಲ್ಕು ಧ್ರುವಗಳಿರುವ ಅಯಸ್ಕಾಂತಕ್ಕೆ ಕ್ವಾಡ್ರುಪೋಲ್ ಅಂತಾರೆ. ಇದು ಕಣಗಳ ಪಾಲಿಗೆ ಮಸೂರ. ಆದರೆ ಅಡ್ಡಡ್ಡ ಒತ್ತಿದರೆ ಉದ್ದುದ್ದ ಉಬ್ಬಿಸುತ್ತದೆ, ರೊಟ್ಟಿ ಹಿಟ್ಟಿನ ಉಂಡೆ ಹಿಸುಕಿದ ಹಾಗೆ. ಅದರ ಮುಂದೆ ಇನ್ನೊಂದನ್ನು ತಿರುಗಿಸಿ ಇಟ್ಟರೆ ಅದು ಉದ್ದುದ್ದ ಒತ್ತಿ ಅಡ್ಡಡ್ಡ ಉಬ್ಬಿಸುತ್ತದೆ. ಎರಡೂ ಸೇರಿ ಸೊನ್ನೆ ಆಗಬೇಕಲ್ವಾ? ಆಗುವುದಿಲ್ಲ. ಕ್ವಾಡ್ರುಪೋಲಿನ ಬಲ ನಡುವಿನಿಂದ ದೂರ ಹೋದಷ್ಟೂ ಹೆಚ್ಚು. ಒತ್ತುವ ಮಸೂರದಲ್ಲಿ ಕಣ ನಡುವಿನಿಂದ ದೂರದಲ್ಲಿರುತ್ತದೆ, ಪೆಟ್ಟು ಜೋರು. ಉಬ್ಬಿಸುವ ಮಸೂರಕ್ಕೆ ಬರುವಷ್ಟರಲ್ಲಿ ನಡುವಿಗೆ ಹತ್ತಿರವಾಗಿರುತ್ತದೆ, ಪೆಟ್ಟು ಮೆಲ್ಲಗೆ. ಕೊನೆಗೆ ಲಾಭ ಒತ್ತುವಿಕೆಗೇ. ‘ದೂರ ಹೋದಷ್ಟೂ ಬಲ ಹೆಚ್ಚು’ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1952ರ ಕೊನೆಗೆ ಪ್ರಬಂಧ ಅಚ್ಚಾಯಿತು. 1953ರಲ್ಲಿ ಒಬ್ಬ ಮನುಷ್ಯ ಅದನ್ನು ಓದಿ, ಇದು ನನ್ನ ಯೋಚನೆ ಅಂತ ಹೇಳಿಕೊಂಡು ಬಂದ. ಹೆಸರು ನಿಕೋಲಸ್ ಕ್ರಿಸ್ಟೋಫಿಲಾಸ್. ಹುಟ್ಟಿದ್ದು ಬಾಸ್ಟನ್ನಿನಲ್ಲಿ, ಬೆಳೆದದ್ದು ಅಥೆನ್ಸಿನಲ್ಲಿ, ಕೆಲಸ ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಎಂಜಿನಿಯರ್. ಬಿಡುವಿನಲ್ಲಿ ತಾನೇ ಪುಸ್ತಕ ಓದಿ ಭೌತಶಾಸ್ತ್ರ ಕಲಿತಿದ್ದ. ಇದೇ ವಿಚಾರವನ್ನು ಬರೆದು ಬರ್ಕ್ಲಿಗೆ ಕಳಿಸಿದ್ದ, ಅಲ್ಲಿ ಯಾರೂ ಗಮನ ಕೊಟ್ಟಿರಲಿಲ್ಲ. ಪುಣ್ಯಕ್ಕೆ 1950ರಲ್ಲೇ ಪೇಟೆಂಟಿಗೂ ಅರ್ಜಿ ಹಾಕಿದ್ದ. ಬ್ರೂಕ್‌ಹೇವನ್‌ನವರು ದಾಖಲೆ ನೋಡಿ, ಮೊದಲು ಹೊಳೆದದ್ದು ಈತನಿಗೇ ಅಂತ ಅಚ್ಚಿನಲ್ಲೇ ಒಪ್ಪಿಕೊಂಡರು, ಕೆಲಸವನ್ನೂ ಕೊಟ್ಟರು. ಹೀಗೆ ಒಪ್ಪಿಕೊಳ್ಳುವ ದೊಡ್ಡತನ ವಿಜ್ಞಾನದ ಇತಿಹಾಸದಲ್ಲಿ ದಿನಾ ಸಿಗುವಂಥದ್ದಲ್ಲ. ಈ ಇಡೀ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಇದು.

ಇದೇ ಮನುಷ್ಯನ ಇನ್ನೊಂದು ಐಡಿಯಾ ಅಷ್ಟು ಮುದ್ದಾದದ್ದಲ್ಲ. ಬಾಹ್ಯಾಕಾಶದಲ್ಲಿ ಅಣುಬಾಂಬ್ ಸಿಡಿಸಿದರೆ ಅದರ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ಕೃತಕ ವಿಕಿರಣ ಪಟ್ಟಿಯಾಗುತ್ತವೆ ಅಂತ ಈತ ಹೇಳಿದ. 1958ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಅಮೆರಿಕ ದಕ್ಷಿಣ ಅಟ್ಲಾಂಟಿಕ್ ಮೇಲೆ ಮೂರು ಬಾಂಬ್ ಸಿಡಿಸಿ ನೋಡಿಯೇಬಿಟ್ಟಿತು. ಹೌದು, ಪಟ್ಟಿ ಹುಟ್ಟಿತು! ಕಣಗಳನ್ನು ಹಿಡಿದಿಡುವ ವಿದ್ಯೆ ಒಬ್ಬನೇ ಮನುಷ್ಯನ ತಲೆಯಲ್ಲಿ ಎರಡು ದಾರಿ ಹಿಡಿದಿತ್ತು.

ಇರಲಿ. ಹೊಸ ತತ್ವದ ಮೇಲೆ ಬ್ರೂಕ್‌ಹೇವನ್‌ನಲ್ಲಿ ಕಟ್ಟಿದ ಎಜಿಎಸ್ ಯಂತ್ರ 1960ರಲ್ಲಿ 33 ಜಿಇವಿ ಮುಟ್ಟಿತು. ಕಣಗಳ ಪುಂಜ ಸಣ್ಣಗಾಯಿತು, ಕೊಳವೆ ಕಿರಿದಾಯಿತು. ಜಗತ್ತಿನ ಯಂತ್ರಗಾರರೆಲ್ಲಾ ಪುಂಜವನ್ನು ಇನ್ನೂ ಸಣ್ಣ, ಇನ್ನೂ ಸಣ್ಣ ಮಾಡುವ ಹಠಕ್ಕೆ ಬಿದ್ದರು.

* * *

ಆಕಾಶ ಹಾಗಿಲ್ಲವಲ್ಲ! ಗಗನಯಾತ್ರಿಯ ಮೈಮೇಲೆ ಬೀಳುವುದು ದಾರದಂಥ ಪುಂಜ ಅಲ್ಲ, ಎಲ್ಲೆಡೆ ಸಮನಾಗಿ ಸುರಿಯುವ ಮಳೆ.

ಅಪೊಲೋ ಮಿಂಚುಗಳ ಸುದ್ದಿ ಬಂದ ಮೇಲೆ ಟೋಬಿಯಾಸ್ ಮತ್ತು ಅವರ ಸಂಗಡಿಗರು ತಮ್ಮ ತಲೆಯನ್ನೇ ಯಂತ್ರದ ಮುಂದೆ ಇಟ್ಟು, ಅತಿ ಕಡಿಮೆ ಪ್ರಮಾಣದಲ್ಲಿ ಕಣಗಳನ್ನು ಬಿಡಿಸಿಕೊಂಡು, ಮಿಂಚು ಕಾಣುತ್ತದೆಯೇ ಅಂತ ನೋಡಿದರು. ಕಂಡಿತು. 1971ರ ಸುಮಾರಿನ ಮಾತು. ಇಂಥದ್ದನ್ನು ಈಗ ಯಾವ ಸಮಿತಿಯೂ ಒಪ್ಪಲಾರದು ಅನ್ಸುತ್ತೆ :) ಅಪೊಲೋ 16 ಮತ್ತು 17ರಲ್ಲಿ ತಲೆಗೆ ಹಾಕಿಕೊಳ್ಳುವ ಒಂದು ಉಪಕರಣವನ್ನೇ ಕಳಿಸಿ, ಕಣದ ಜಾಡಿಗೂ ಮಿಂಚಿಗೂ ತಾಳೆ ನೋಡಿದರು. ಆ ಎರಡು ಯಾನಗಳ ನಡುವೆ, 1972ರ ಆಗಸ್ಟಿನಲ್ಲಿ, ಸೂರ್ಯ ಭಾರೀ ಪ್ರಮಾಣದಲ್ಲಿ ಪ್ರೋಟಾನುಗಳನ್ನು ಉಗುಳಿದ. ಆಗ ಚಂದ್ರನ ಮೇಲೆ ಯಾರಾದರೂ ಓಡಾಡುತ್ತಿದ್ದರೆ ವಿಕಿರಣದಿಂದ ಕಾಯಿಲೆ ಬೀಳುತ್ತಿದ್ದರು. ಏಪ್ರಿಲಿಗೂ ಡಿಸೆಂಬರಿಗೂ ನಡುವೆ ಬಿದ್ದದ್ದು ಬರೀ ಅದೃಷ್ಟ.

1974ರಲ್ಲಿ ಬರ್ಕ್ಲಿಯವರು ಗುಡ್ಡದ ಮೇಲಿದ್ದ ಇನ್ನೊಂದು ಯಂತ್ರದಿಂದ ಭಾರದ ಬೀಜಗಳನ್ನು ಕೆಳಗಿನ ಬೆವಟ್ರಾನಿಗೆ ತಂದು ಜೋಡಿಸಿದರು. ಈ ಜೋಡಿಯ ಹೆಸರು ಬೆವಲ್ಯಾಕ್. ಮೊದಲ ಬಾರಿಗೆ ಕಬ್ಬಿಣದಂಥ ಬೀಜಗಳು ವಿಶ್ವಕಿರಣದ ವೇಗದಲ್ಲಿ ಜೀವಶಾಸ್ತ್ರಜ್ಞರ ಕೈಗೆ ಸಿಕ್ಕವು. ಅಲ್ಲೇ ಕ್ಯಾನ್ಸರ್ ರೋಗಿಗಳಿಗೂ ಚಿಕಿತ್ಸೆ ಕೊಟ್ಟರು. ಎರಡಕ್ಕೂ ಬೇಕಾದದ್ದು ಒಂದೇ: ಸಣ್ಣ ಪುಂಜವನ್ನು ಅಗಲಕ್ಕೆ, ಸಮನಾಗಿ ಹರಡುವುದು.

ಯಾಕೆ ಸಮನಾಗಿ? ಪುಂಜದ ಸಹಜ ಆಕಾರ ಕಣದಲ್ಲಿ ಸುರಿದ ರಾಗಿಯ ರಾಶಿಯಂತೆ. ನಡುವೆ ಎತ್ತರ, ಅಂಚಿಗೆ ಹೋದಂತೆ ಇಳಿಜಾರು. ಅದರ ಮುಂದೆ ಒಂದಷ್ಟು ಇಲಿಗಳನ್ನೋ ಜೀವಕೋಶದ ತಟ್ಟೆಗಳನ್ನೋ ಇಟ್ಟರೆ ನಡುವಿನದಕ್ಕೆ ಬೇಕಾದ್ದಕ್ಕಿಂತ ಹೆಚ್ಚು, ಅಂಚಿನದಕ್ಕೆ ಏನೂ ಇಲ್ಲ. ಆಮೇಲೆ ಯಾವ ಇಲಿಗೆ ಎಷ್ಟು ಬಿತ್ತು ಅಂತ ಹೇಗೆ ಹೇಳೋದು? ಆ ಇಲಿಗಳ ಜೀವವೂ ದಂಡ, ಲೆಕ್ಕವೂ ಸುಳ್ಳು.

ಸುಲಭದ ದಾರಿ ಎಂದರೆ ಅಡ್ಡಲಾಗಿ ಲೋಹದ ತಗಡು ಇಟ್ಟು ಕಣಗಳನ್ನು ಚೆದುರಿಸುವುದು. ತೊಂದರೆ ಏನೆಂದರೆ ಭಾರದ ಬೀಜಗಳು ತಗಡಿನಲ್ಲಿ ಒಡೆದು ಚೂರಾಗುತ್ತವೆ. ಕಬ್ಬಿಣ ಬೇಕೆಂದವರಿಗೆ ಕಬ್ಬಿಣದ ಜೊತೆ ಅದರ ನುಚ್ಚೂ ಸೇರಿ ಬರುತ್ತದೆ. ಬೆವಲ್ಯಾಕ್‌ನವರ ಇನ್ನೊಂದು ಉಪಾಯ ನಮ್ಮ ಅಡಿಗೆಮನೆಯದ್ದೇ. ಎರಡು ಅಯಸ್ಕಾಂತಗಳಿಂದ ಪುಂಜವನ್ನು ಸುತ್ತಸುತ್ತ ತಿರುಗಿಸುವುದು, ಕಾವಲಿಯ ಮೇಲೆ ಸೌಟಿನಿಂದ ದೋಸೆ ಹುಯ್ದ ಹಾಗೆ! ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ದೋಸೆಯ ಒಂದು ಕಡೆ ಈಗ ಬೀಳುತ್ತದೆ, ಇನ್ನೊಂದು ಕಡೆ ಆಮೇಲೆ. ಒಂದೇ ಕ್ಷಣದಲ್ಲಿ ಇಡೀ ಕಾವಲಿ ತುಂಬುವುದಿಲ್ಲ.

1993ರಲ್ಲಿ ಬೆವಲ್ಯಾಕ್ ಮುಚ್ಚಿತು. ನಾಸಾದವರು ಬ್ರೂಕ್‌ಹೇವನ್‌ನ ಅದೇ ಹಳೆಯ ಎಜಿಎಸ್‌ನಲ್ಲಿ ಕೆಲವು ದಿನಗಳ ಸಮಯ ಪಡೆದು ಪ್ರಯೋಗ ನಡೆಸಿದರು. ಕೊನೆಗೆ 2003ರಲ್ಲಿ ಅಲ್ಲೇ ತಮ್ಮದೇ ಸಾಲು ಕಟ್ಟಿಕೊಂಡರು. ಹೆಸರು ನಾಸಾ ಬಾಹ್ಯಾಕಾಶ ವಿಕಿರಣ ಪ್ರಯೋಗಾಲಯ. ಎಜಿಎಸ್‌ಗೆ ಕಣ ಒದಗಿಸುವ ಬೂಸ್ಟರ್ ಎಂಬ ಯಂತ್ರದಿಂದ ಕಣಗಳನ್ನು ಹೊರತೆಗೆದು, ಸುಮಾರು 100 ಮೀಟರ್ ಸುರಂಗದಲ್ಲಿ ಸಾಗಿಸಿ, ಕೊನೆಯ ಕೋಣೆಯಲ್ಲಿ ಸುರಿಸುತ್ತಾರೆ.

ಈ ಸುರಂಗದಲ್ಲೇ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಇರೋದು: ಎಂಟು ಧ್ರುವದ ಅಯಸ್ಕಾಂತ, ಅಂದರೆ ಆಕ್ಟುಪೋಲ್. ಇದರಿಂದ ಪುಂಜವನ್ನು ಚಪ್ಪಟೆ ಮಾಡಬಹುದು ಅಂತ 1983ರಲ್ಲಿ ಫಿಲಿಪ್ ಮೀಡ್ಸ್ ಬರೆದಿದ್ದರು. ಬ್ರೂಕ್‌ಹೇವನ್‌ನ ನಿಕೋಲಾಸ್ ಟ್ಸೂಪಾಸ್ ಮತ್ತು ಸಂಗಡಿಗರು ಅದನ್ನು ಬೆಳೆಸಿ ಈ ಸಾಲಿನಲ್ಲಿ ಅಳವಡಿಸಿದರು.

ಕ್ವಾಡ್ರುಪೋಲಿನಲ್ಲಿ ದೂರ ಎರಡು ಪಟ್ಟಾದರೆ ಬಲವೂ ಎರಡು ಪಟ್ಟು. ಆಕ್ಟುಪೋಲಿನಲ್ಲಿ ದೂರ ಎರಡು ಪಟ್ಟಾದರೆ ಬಲ ಎಂಟು ಪಟ್ಟು! ಅಂದರೆ ನಡುವಿನ ಕಣಗಳನ್ನು ಅದು ಮುಟ್ಟುವುದೇ ಇಲ್ಲ ಅನ್ನಬಹುದು. ಅಂಚಿನಲ್ಲಿ ಅಲೆಯುತ್ತಿರುವವನ್ನು ಮಾತ್ರ ಹಿಡಿದು ಒಳಕ್ಕೆ ಮಡಚುತ್ತದೆ. ರಾಶಿಯ ಇಳಿಜಾರು ಮಡಚಿ ಒಳಗೆ ಬಂದು ತಗ್ಗನ್ನು ತುಂಬುತ್ತದೆ. ಆಗ ಅಂಗಳದಲ್ಲಿ ಒಣಗಲು ಹರಡಿದ ಭತ್ತದಂತೆ ಚಪ್ಪಟೆಯಾದ ಚೌಕ ಸಿಗುತ್ತದೆ. ದಾರಿಯಲ್ಲಿ ತಗಡಿಲ್ಲ, ಹಾಗಾಗಿ ನುಚ್ಚಿಲ್ಲ. ಸುತ್ತು ತಿರುಗಿಸುವುದಿಲ್ಲ, ಹಾಗಾಗಿ 20 ಸೆಂಟಿಮೀಟರ್ ಚೌಕದ ಎಲ್ಲ ಭಾಗಕ್ಕೂ ಒಟ್ಟಿಗೇ ಬೀಳುತ್ತದೆ.

ಒಂದು ಸೂಕ್ಷ್ಮ ಇದೆ. ಆಕ್ಟುಪೋಲ್ ಅಡ್ಡ ಮತ್ತು ಉದ್ದ ಎರಡನ್ನೂ ಕಲಸಿಬಿಡುತ್ತದೆ. ಅದಕ್ಕೆ ಮೊದಲ ಆಕ್ಟುಪೋಲ್ ಬಳಿ ಪುಂಜವನ್ನು ಅಡ್ಡಲಾಗಿ ಹರಡಿದ ರಿಬ್ಬನ್ನಿನಂತೆ, ಎರಡನೆಯದರ ಬಳಿ ನೆಟ್ಟಗೆ ನಿಲ್ಲಿಸಿದ ರಿಬ್ಬನ್ನಿನಂತೆ ಮಾಡಬೇಕು. ಆಗ ಒಂದೊಂದೂ ತನ್ನ ಪಾಲಿನ ದಿಕ್ಕನ್ನಷ್ಟೇ ಮಡಚುತ್ತದೆ. ರಿಬ್ಬನ್ ಮಾಡಿಕೊಡುವುದು ಯಾರು? ಕ್ವಾಡ್ರುಪೋಲುಗಳು! ಹಿಡಿದಿಡಲು ಹುಟ್ಟಿದ ಮಸೂರವೇ ಈಗ ಹರಡುವ ಕೆಲಸಕ್ಕೆ ನೆಲ ಹದ ಮಾಡಿ ಕೊಡುತ್ತದೆ. ಆ ಲಿಫ್ಟ್ ಎಂಜಿನಿಯರ್ ಇಲ್ಲೂ ಇದ್ದಾನೆ ಅನ್ನಿಸಿತು ನನಗೆ. ಮಡಚುವುದು ಅತಿಯಾದರೆ ಅಂಚಿನಲ್ಲಿ ಗೋಡೆಯಂತೆ ಎದ್ದು ನಿಲ್ಲುತ್ತದೆ, ಕಡಿಮೆಯಾದರೆ ರಾಶಿ ಹಾಗೇ ಉಳಿಯುತ್ತದೆ. ಹದ ಗೊತ್ತಿರಬೇಕು.

* * *

ಇಷ್ಟೆಲ್ಲಾ ಯಾಕೆ ಬೇಕು ಅನ್ನುವವರಿಗೆ ಎರಡು ಅಂಕಿ ಕೊಡ್ತೀನಿ. 2011-12ರಲ್ಲಿ ಮಂಗಳಕ್ಕೆ ಹೋದ ಕ್ಯೂರಿಯಾಸಿಟಿ ದಾರಿಯುದ್ದಕ್ಕೂ ವಿಕಿರಣ ಅಳೆಯಿತು. ಅದರ ಆಧಾರದ ಮೇಲೆ 2013ರಲ್ಲಿ ಬಂದ ಲೆಕ್ಕ: ಮಂಗಳಕ್ಕೆ ಹೋಗಿ ಬರುವ ಪ್ರಯಾಣದಲ್ಲೇ, ಅಲ್ಲಿ ತಂಗುವುದು ಬಿಟ್ಟು, ಸುಮಾರು 660 ಮಿಲಿಸೀವರ್ಟ್. 2022ರಲ್ಲಿ ನಾಸಾ ಗಗನಯಾತ್ರಿಯೊಬ್ಬರ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ: 600 ಮಿಲಿಸೀವರ್ಟ್. ಮಂಗಳದ ನೆಲ ಮುಟ್ಟಿ ಬರುವುದರೊಳಗೆ ಜೀವಮಾನದ ಕೋಟಾ ಮುಗಿಯಿತು!

ಮಿಲಿಸೀವರ್ಟ್ ಎಂಬ ಆ ಅಂಕಿಯಲ್ಲೇ, ಭಾರದ ಬೀಜ ಎಷ್ಟು ಪಟ್ಟು ಕೆಟ್ಟದ್ದು ಎಂಬ ಅಂದಾಜು ಅಡಗಿದೆ. ಆ ಅಂದಾಜಿಗೆ ಬಲ ಬರುವುದು ಇಂಥ ಚಪ್ಪಟೆ ಚೌಕದ ಮುಂದೆ ನಡೆದ ಪ್ರಯೋಗಗಳಿಂದ. 2015ರಲ್ಲಿ ಇದೇ ಪ್ರಯೋಗಾಲಯದಲ್ಲಿ ಆಮ್ಲಜನಕ ಮತ್ತು ಟೈಟೇನಿಯಂ ಬೀಜಗಳಿಗೆ ಒಡ್ಡಿದ ಇಲಿಗಳ ಮಿದುಳಿನಲ್ಲಿ ನರಕೋಶಗಳ ಕವಲುಗಳು ಕಡಿಮೆಯಾಗಿದ್ದು, ಕಲಿಕೆ-ನೆನಪು ಕುಂದಿದ್ದು ವರದಿಯಾಯಿತು. ಆ ಅಧ್ಯಯನವನ್ನು ನಾವು ನಂಬಬೇಕಾದರೆ ಎಲ್ಲ ಇಲಿಗಳಿಗೂ ಬಿದ್ದದ್ದು ಸಮ ಎಂಬುದನ್ನು ಮೊದಲು ನಂಬಬೇಕು.

2018ರಿಂದ ಇನ್ನೊಂದು ಹೆಜ್ಜೆ. ಒಂದೇ ಬೀಜದ ಬದಲು ಪ್ರೋಟಾನ್, ಹೀಲಿಯಂ, ಇಂಗಾಲ, ಆಮ್ಲಜನಕ, ಸಿಲಿಕಾನ್, ಟೈಟೇನಿಯಂ, ಕಬ್ಬಿಣ ಹೀಗೆ 33 ಬಗೆಯ ಪುಂಜಗಳನ್ನು ಒಂದರ ಹಿಂದೆ ಒಂದು ಬಿಟ್ಟು ವಿಶ್ವಕಿರಣದ ಮಿಶ್ರಣವನ್ನು ಅನುಕರಿಸತೊಡಗಿದರು. ಇಡೀ ಸರಣಿಗೆ ಸುಮಾರು 75 ನಿಮಿಷ. ಪುಂಜ ಬದಲಾದಾಗಲೆಲ್ಲಾ ಅಯಸ್ಕಾಂತಗಳ ಹದವೂ ಬದಲಾಗಬೇಕು, ಚೌಕ ಮಾತ್ರ ಚಪ್ಪಟೆಯಾಗಿಯೇ ಇರಬೇಕು.

ಆದರೂ ಇದು ಆಕಾಶ ಅಲ್ಲ. ಆಕಾಶದಲ್ಲಿ ಎಲ್ಲ ದಿಕ್ಕಿನಿಂದ ಬರುತ್ತದೆ, ಇಲ್ಲಿ ಒಂದೇ ದಿಕ್ಕಿನಿಂದ. ಅಲ್ಲಿ ಎಲ್ಲವೂ ಕಲಸಿಕೊಂಡು, ಇಲ್ಲಿ ಸರದಿಯಲ್ಲಿ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಸಮಯದ್ದು. ಅಲ್ಲಿ ಎರಡು-ಮೂರು ವರ್ಷ ತೊಟ್ಟುತೊಟ್ಟಾಗಿ ಬೀಳುವುದು ಇಲ್ಲಿ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಜೀವಕೋಶ ತನ್ನ ಗಾಯವನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಅದಕ್ಕೆ ಸಮಯ ಬೇಕು. ಇದು ಗೊತ್ತಿದ್ದೇ ವಿಜ್ಞಾನಿಗಳು ಅದೇ ಪ್ರಮಾಣವನ್ನು ವಾರಗಟ್ಟಲೆ ಹಂಚಿ ಕೊಡುವ ಪ್ರಯೋಗಗಳನ್ನೂ ಮಾಡಿದ್ದಾರೆ. ವಾರಗಳಿಗೂ ವರ್ಷಗಳಿಗೂ ಅಂತರ ಇದ್ದೇ ಇದೆ. ಜಾಗದಲ್ಲಿ ಸಮನಾಗಿ ಹರಡುವುದನ್ನು ಅಯಸ್ಕಾಂತಗಳಿಂದ ಗೆದ್ದಾಯಿತು, ಕಾಲದಲ್ಲಿ ಸಮನಾಗಿ ಹರಡುವುದಕ್ಕೆ ಯಾವ ಮಸೂರವೂ ಇಲ್ಲ. ಕ್ವಾಡ್ರುಪೋಲಿನಿಂದ ಆಕ್ಟುಪೋಲಿನವರೆಗೆ ಓದಿಕೊಂಡು ಬಂದ ನನಗೆ ಕೊನೆಗೆ ಉಳಿದ ಪ್ರಶ್ನೆ ಇದೇ.

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಆ ಎತ್ತರದಲ್ಲಿ ಭೂಮಿಯ ಕಾಂತಕ್ಷೇತ್ರ ಬಹಳ ಮಟ್ಟಿಗೆ ಕಾಪಾಡುತ್ತದೆ, ಮಿಲಿಕನ್ ತಂಡ ಬೆಂಗಳೂರಿಗೆ ಬಂದು ಅಳೆದ ಅದೇ ಕ್ಷೇತ್ರ. ನಮ್ಮವರು ಅದನ್ನೂ ದಾಟಿ ದೂರ ಹೋಗುವ ದಿನ ಬಂದಾಗ ಅವರಿಗೆ ಇಷ್ಟು ದಿನ ಇರಬಹುದು, ಇದಕ್ಕಿಂತ ಹೆಚ್ಚು ಬೇಡ ಅಂತ ಯಾರೋ ಹೇಳಬೇಕಾಗುತ್ತದೆ. ಆ ಮಾತಿನ ಹಿಂದೆ ಈ ಚಪ್ಪಟೆ ಚೌಕಗಳ ಲೆಕ್ಕ ಇರುತ್ತದೆ.

ನಿಮ್ಮಲ್ಲಿ ಯಾರಾದರೂ ಇಂಥ ಯಂತ್ರಗಳ ಹತ್ತಿರ ಕೆಲಸ ಮಾಡಿದ್ದರೆ ದಯವಿಟ್ಟು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಕನ್ನಡದಲ್ಲಿ ಈ ವಿಷಯದ ಬಗ್ಗೆ ಓದಲು ಸಿಗುವುದು ತೀರಾ ಕಡಿಮೆ. ಒಳಗಿದ್ದು ನೋಡಿದವರ ಮಾತು ಕೇಳಬೇಕು ಅಂತ ಆಸೆ.